ನಲ್ವತ್ತು ವ್ಯಾಟಿನ ಜೋಕುಮಾರ

ಭಾಗವ್ವನ ಮಣ್ಣಿನ ಜೋಕುಮಾರನನ್ನು ಫೋಟೋ ತೆಗೆದು ಸಂಜೆಯೊಳಗೆ ವಾಪಸು ಕೊಡುತ್ತೇವೆಂದು ಒಯ್ದು, ಬೆನ್ನು ಸೀಳಿ ಒಳಗಿನ ಮಣ್ಣು ತೆಗೆದು, ಲಿಂಗ ಕೊಯ್ದು, ಭಟ್ಟಿಯಲ್ಲಿ ಸುಟ್ಟು, ಹೊಟ್ಟೆಯೊಳಗೆ ನಲ್ವತ್ತು ವ್ಯಾಟಿನ ಬಲ್ಬು ಇಟ್ಟರು.

ಒಯ್ದವಳು ಮೋಹಿನಿ. ಅದು ಕಳೆದ ಭಾದ್ರಪದದ ಮಾತು. ಈಗ ಇನ್ನೊಂದು ಭಾದ್ರಪದ ಬಂದು, ಅನಂತನ ಹುಣ್ಣಿಮೆಯ ಈ ಮಧ್ಯಾಹ್ನ ಅವಳು ಮಣಿಪಾಲದಿಂದ ಕಾಪುವಿಗೆ, ದೀಪ ಕೊಂಡ ಶೀನಣ್ಣನ ಮನೆಗೆ ಹೊರಟ ವ್ಯಾನಿನ ಮುಂದಿನ ಸೀಟಿನಲ್ಲಿ ಅದೇ ಜೋಕುಮಾರನನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. 'ಮಗುವಿನ ಹಾಗೆ ಹಿಡ್ಕೋ ಮಾರಾಯ್ತಿ, ಹಿಂದೆ ಇಟ್ರೆ ಮೊದಲನೇ ಹೊಂಡಕ್ಕೇ ಕಿವಿ ಹಾರಿಹೋಗ್ತದೆ' ಎಂದಿದ್ದ ವಲೇರಿಯನ್. ಅವನು ಸ್ಟಿಯರಿಂಗ್ ಹಿಡಿದು ಯಾವುದೋ ಕೊಂಕಣಿ ಹಾಡು ಗುನುಗುತ್ತಿದ್ದ. ಬರೋಡಾದಲ್ಲಿ ಕಲಿತು ಬಂದು ಮಣಿಪಾಲದ ಇಳಿಜಾರಿನಲ್ಲಿ ಸ್ಟುಡಿಯೋ ಹಾಕಿ, ಮನೆಯ ಒಳಗೂ ಹೊರಗೂ ಇಡುವ ಸೆರಾಮಿಕ್ ದೀಪಗಳನ್ನು ಮಾಡುವವನು. ಅವನ ಹಲಸಿನ ಹಣ್ಣಿನ ದೀಪದ ಒಂದೊಂದು ಮುಳ್ಳಿನ ಬುಡದಿಂದಲೂ ಬೆಳಕು ಜಿನುಗುತ್ತಿತ್ತು. ಶಂಖದ ದೀಪ ಹೋಟೆಲುಗಳ ಲಾನಿಗೆ ಹೋಗುತ್ತಿತ್ತು. ಹುತ್ತದ ದೀಪ ಮಾಡಿದಾಗ ಮಾತ್ರ ಸ್ವಲ್ಪ ಎಡವಟ್ಟಾಯಿತು. ಅದನ್ನು ಕೊಂಡ ಡಾಕ್ಟರರ ಅತ್ತೆ ಮರುದಿನ ಬೆಳಗ್ಗೆ ಎದ್ದವರೇ ಅದಕ್ಕೆ ಹಾಲೆರೆದು ಇಡೀ ಮನೆಯ ಫ್ಯೂಸ್ ಹಾರಿಸಿದ್ದರು. ಈ ಎಲ್ಲ ದೀಪಗಳಿಗೆ ಹೆಸರಿಡುವುದು, ಪ್ರತಿಯೊಂದರ ಕೊರಳಿಗೆ ನೇತುಹಾಕುವ ಪುಟ್ಟ ಕಾರ್ಡಿನಲ್ಲಿ ಎರಡು ಸಾಲು ಬರೆಯುವುದು ಮೋಹಿನಿಯ ಕೆಲಸ. ಬೆಳಗ್ಗೆ ಕಾಲೇಜಿನಲ್ಲಿ ಕನ್ನಡ ಪಾಠ, ಮಧ್ಯಾಹ್ನ ಹಲಸಿನ ದೀಪಕ್ಕೆ ಎರಡು ಸಾಲು. ಎರಡೂ ಕಡೆ ಅವಳ ವಾಕ್ಯಗಳಿಗೆ ಒಳ್ಳೆಯ ಹೆಸರಿತ್ತು.

ಕಳೆದ ವರ್ಷ ಇದೇ ಮಡಿಲಲ್ಲಿ ಇವನು ಆಟೋದಲ್ಲಿ ಸ್ಟುಡಿಯೋಗೆ ಹೋಗಿದ್ದ. ಆಗ ಹಸಿಯಾಗಿದ್ದ. ಅಂಟುಮಣ್ಣಿನ ತೇವ ಸೀರೆಗೆ ಇಳಿದು ತೊಡೆಯ ಮೇಲೆ ತಣ್ಣಗೆ ಕಲೆಯಾಗಿ, ವಾಪಸು ಬರುವಾಗ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಾಚ್‌ಮನ್ ಅದನ್ನು ನೋಡಿ ಮುಖ ತಿರುಗಿಸಿದ್ದ. ಈಗ ಅವನು ಒಣಗಿದ್ದಾನೆ, ಕಲ್ಲಾಗಿದ್ದಾನೆ, ಮೇಲೆ ಮಬ್ಬು ಹಸಿರು ಹೊಳಪು ಬೇರೆ. ಎಷ್ಟು ಹೊತ್ತು ಕೂತರೂ ಸೀರೆಗೆ ಏನೂ ತಾಗುವುದಿಲ್ಲ. ಭಾಗವ್ವ ಬುಟ್ಟಿಯಿಂದ ಅವನನ್ನೆತ್ತಿ ಕೊಡುವಾಗ, 'ಅಕ್ಕಾರ, ಹುಷಾರ್ರೀ, ಅಂವ ಹೆಂಗಸರ ಉಡ್ಯಾಗ ಸುಮ್ಮ ಕುಂಡ್ರಾಂವಲ್ಲ' ಎಂದಿದ್ದಳು. ಜೊತೆಯಲ್ಲಿದ್ದ ಹೆಂಗಸರು ಕಿಸಕ್ಕೆಂದಿದ್ದರು. ಮೋಹಿನಿಯೂ ನಕ್ಕಿದ್ದಳು, ಆದರೆ ಒಂದು ಕ್ಷಣ ತಡವಾಗಿ, ಜಾನಪದದಲ್ಲಿ ಅಶ್ಲೀಲವೆಂಬುದಿಲ್ಲ ಎಂದು ತರಗತಿಯಲ್ಲಿ ಹೇಳಿದ್ದು ನೆನಪಾದ ಮೇಲೆ.

ಆ ದಿನ ಅಪಾರ್ಟ್‌ಮೆಂಟಿನಲ್ಲಿ ಯಾರೂ ಬಾಗಿಲು ತೆಗೆದಿರಲಿಲ್ಲ. 'ಬಿಜಾಪುರದವರು ಬಂದಿದ್ದಾರೆ' ಎಂದು ಇಂಟರ್‌ಕಾಮಿನಲ್ಲೇ ಸುದ್ದಿ ಹೋಗಿತ್ತು. ಭಾಗವ್ವ ಗದಗದ ಕಡೆಯವಳು, ಬಿಜಾಪುರವನ್ನು ಕಂಡವಳೇ ಅಲ್ಲ. ಆದರೆ ಘಟ್ಟದ ಮೇಲಿನಿಂದ ಕಲ್ಲುಮಣ್ಣು ಹೊರಲು ಬಂದವರೆಲ್ಲ ಈ ಜಿಲ್ಲೆಗೆ ಬಿಜಾಪುರದವರೇ. ತಲೆಯ ಮೇಲೆ ಬೇವಿನೆಲೆಯ ಬುಟ್ಟಿ, ಬುಟ್ಟಿಯಲ್ಲಿ ಬಾಯಿ ತೆರೆದ, ಕಣ್ಣು ಬಿಟ್ಟ, ತುಟಿಗೆ ಬೆಣ್ಣೆ ಬಳಿಸಿಕೊಂಡ, ತನ್ನ ಗಂಡಸುತನವನ್ನು ಯಾರಿಗೂ ಮುಚ್ಚಿಡದ ಮಣ್ಣಿನ ದೇವರು. ಬಾಗಿಲು ತೆರೆದವಳು ಮೋಹಿನಿ ಒಬ್ಬಳೇ. ಅದರ ಹೆಮ್ಮೆ ಅವಳಲ್ಲಿ ಈಗಲೂ ಇತ್ತು, ಹುಳಿ ಬಂದ ಹಾಲಿನ ಹಾಗೆ. ಒಳಗೆ ಕರೆದಳು, ಅಕ್ಕಿ ಕೊಟ್ಟಳು, ಟೇಪ್ ರೆಕಾರ್ಡರ್ ಹಚ್ಚಿದಳು, 'ನೀವು' ಎಂದು ಮಾತಾಡಿಸಿದಳು. ಕೂಲಿಯವರನ್ನು ತಾನು 'ನೀವು' ಎನ್ನುತ್ತೇನೆ ಎಂಬುದು ಪ್ರತಿ ಸಲವೂ ಅವಳ ಕಿವಿಗೇ ಕೇಳುತ್ತಿತ್ತು.

ಭಾಗವ್ವ ಬಾಗಿಲ ಬಳಿ ಕಾಲು ಚಾಚಿ ಕೂತು ಹೇಳಿದ್ದಳು. ಗಣಪ ಮೊದಲು ಬರುತ್ತಾನೆ, ಮೋದಕ ತಿನ್ನುತ್ತಾನೆ, ಮೇಲೆ ಹೋಗಿ ಅಪ್ಪನ ಹತ್ತಿರ ಎಲ್ಲರೂ ಸುಖವಾಗಿದ್ದಾರೆ ಎನ್ನುತ್ತಾನೆ. 'ಉಂಡಾಂವ ಮತ್ತೇನ ಹೇಳ್ತಾನ್ರೀ?' ಹಿಂದೆಯೇ ಬರುವವನು ಇವನು. ಬುಟ್ಟಿಯಲ್ಲಿ ಕೂತು ಮನೆಮನೆ ಸುತ್ತುತ್ತಾನೆ, ಯಾರ ಒಲೆ ಹೊತ್ತಿಲ್ಲ, ಯಾರ ಕೂಸು ಅಳುತ್ತಿದೆ ಎಲ್ಲ ನೋಡುತ್ತಾನೆ. ಹುಣ್ಣಿಮೆಯ ದಿನ ಅವನನ್ನು ಒನಕೆಯಿಂದ ಬಡಿದು ಸಾಯಿಸಿ ನೀರಿಗೆ ಬಿಡಬೇಕು. ಸತ್ತರೆ ತಾನೇ ಮೇಲೆ ಹೋಗುವುದು, ಹೋದರೆ ತಾನೇ ಹೇಳುವುದು. ಊರಲ್ಲಿ ಹೊಲ ಇತ್ತು, ಹೊಲಕ್ಕೆ ಅವನ ಹೆಸರಿನ ಅಂಬಲಿ ಚೆಲ್ಲುತ್ತಿದ್ದರು. ಇಲ್ಲಿ ಹೊಲವೆಲ್ಲಿ? ಅದಕ್ಕೆ ಹತ್ತಿರದ ಹೊಸ ಕಟ್ಟಡದ ಕೂಲಿ ಶೆಡ್ಡಿನ ಹೆಂಗಸರು ತಾವಾಗಿ ಒಂದು ಪದ್ಧತಿ ಮಾಡಿಕೊಂಡಿದ್ದರು. ಹೇಳುವುದನ್ನು ಅವನ ಕಿವಿಯಲ್ಲಿ ಹೇಳುವುದು. ಕುಂಬಾರರವಳಲ್ಲದಿದ್ದರೂ ಭಾಗವ್ವನೇ ಮಣ್ಣು ಕಲಸಿ ಮಾಡಿದ್ದಳಾದ್ದರಿಂದ ಕಿವಿಗಳು ಮುಖಕ್ಕಿಂತ ದೊಡ್ಡವಾಗಿದ್ದವು. 'ಸಣ್ಣ ಕಿವಿ ಮಾಡಿದ್ರ ನಮ್ಮ ಸುದ್ದಿ ಹಿಡ್ಸಬೇಕಲ್ರೀ' ಎಂದು ಅವಳೇ ತಮಾಷೆ ಮಾಡಿ, ತನ್ನದನ್ನು ಮೋಹಿನಿಯ ಎದುರೇ, ಮುಚ್ಚುಮರೆಯಿಲ್ಲದೆ, ಆ ಕಿವಿಗೆ ಹೇಳಿದ್ದಳು. ಶೆಡ್ಡಿನ ನಳಕ್ಕೆ ಬೀಗ ಹಾಕಿದ್ದಾರೆ, ಬಟ್ಟೆ ಒಗೆದು ನೀರು ದಂಡ ಮಾಡ್ತೀರಿ ಅಂತ ಸೂಪರ್‌ವೈಸರ್ ಚಾವಿ ಒಯ್ದಿದ್ದಾನೆ, ಸಿಮೆಂಟಿಗೆ ಹಾಕುವ ಗುಂಡಿಯ ನೀರು ಕುಡಿಯುತ್ತಿದ್ದೇವೆ, ಕೂಸುಗಳು ಕಾರಿಕೊಳ್ಳುತ್ತಿವೆ, ಶಿವನಿಗೆ ಹೇಳು.

'ಎಂತ ಯೋಚನೆ?' ಎಂದ ವಲೇರಿಯನ್. ವ್ಯಾನು ಉದ್ಯಾವರದ ಸೇತುವೆ ದಾಟುತ್ತಿತ್ತು.

'ಏನಿಲ್ಲ. ಇವತ್ತು ಅನಂತನ ಹುಣ್ಣಿಮೆ.'

'ಹೌದಾ? ಒಳ್ಳೆಯದಾಯ್ತಲ್ಲ. ಶೀನಣ್ಣನಿಗೆ ಹೇಳು, ಖುಷಿಯಾಗ್ತಾರೆ. ಅವರಿಗೆ ಮುಹೂರ್ತ ಇಲ್ಲದೆ ಸ್ವಿಚ್ ಒತ್ತಿದರೆ ಬಲ್ಬು ಉರಿಯುವುದಿಲ್ಲ.'

ಅವನು ತನ್ನ ಮಾತಿಗೆ ತಾನೇ ನಕ್ಕ. ವಲೇರಿಯನ್ ಕೆಟ್ಟವನಲ್ಲ. ಅದೇ ತೊಂದರೆ. ಆವತ್ತು ಸಂಜೆ ಅವಳು ಸ್ಟುಡಿಯೋಗೆ ಹೋಗಿ ನೋಡುವಾಗ ಜೋಕುಮಾರ ಮೇಜಿನ ಮೇಲೆ ಬೋರಲು ಬಿದ್ದಿದ್ದ, ಬೆನ್ನು ತೆರೆದಿತ್ತು, ವಲೇರಿಯನ್ ಸರ್ಜನ್ನನ ಏಕಾಗ್ರತೆಯಲ್ಲಿ ತಂತಿಯ ಕೊಕ್ಕೆಯಿಂದ ಒಳಗಿನ ಮಣ್ಣು ಕೆರೆಯುತ್ತಿದ್ದ. 'ಎಂಥಾ ಪೀಸ್ ತಂದುಕೊಟ್ಟೆ ಮೋಹಿನಿ! ಈ ಮುಖ ನಾನು ಏಳು ಜನ್ಮ ಎತ್ತಿದ್ರೂ ಮಾಡ್ಲಿಕ್ಕಾಗುವುದಿಲ್ಲ. ಇದನ್ನು ನೀರಿಗೆ ಬಿಡುವುದಾ? ಪಾಪ ಅಲ್ವಾ?' ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಕಲೆಯನ್ನು ಸಾವಿನಿಂದ ಉಳಿಸುತ್ತಿದ್ದೇನೆಂದು ಅವನು ನಂಬಿದ್ದ. ಮುಂದಿನ ಭಾಗ ಮೊದಲೇ ಕೊಯ್ದಾಗಿತ್ತು. 'ಮನೆಯಂಗಳಕ್ಕೆ ಅದು ನಡೆಯುವುದಿಲ್ಲ ಮಾರಾಯ್ತಿ' ಎಂದು, ಕೊಯ್ದದ್ದನ್ನು ಹಸಿಮಣ್ಣಿನ ಬಕೆಟ್ಟಿಗೆ ಎಸೆದು, ಮೇಲೊಂದು ಒದ್ದೆ ಗೋಣಿ ಮುಚ್ಚಿದ. ಮಣ್ಣು ದಂಡ ಮಾಡಬಾರದು. ಆ ಬಕೆಟ್ಟಿನ ಮಣ್ಣು ಆಮೇಲೆ ಯಾವ ಹಲಸಿನ ಹಣ್ಣಾಯಿತೋ, ಯಾವ ಡಾಕ್ಟರರ ಬಾಲ್ಕನಿಯಲ್ಲಿ ಈಗ ಗೌರವದಿಂದ ಬೆಳಗುತ್ತಿದೆಯೋ. ಮೋಹಿನಿ ಹುಟ್ಟಿ ಬೆಳೆದದ್ದು ಕಾರ್ಕಳದಲ್ಲಿ, ಬೆಟ್ಟದ ಮೇಲೆ ಬೆತ್ತಲೆ ನಿಂತ ಗೊಮ್ಮಟನ ಕಾಲಬುಡದಲ್ಲಿ. ಅಲ್ಲಿಗೆ ಅಜ್ಜಿಯಂದಿರು ಕೈಮುಗಿದು ಹತ್ತುತ್ತಾರೆ, ಶಾಲೆಯ ಮಕ್ಕಳು ಎರಡು ಸಾಲಿನಲ್ಲಿ ಹತ್ತುತ್ತಾರೆ, ಯಾರಿಗೂ ಏನೂ ಅನಿಸುವುದಿಲ್ಲ. ಬೆತ್ತಲೆಗೂ ಎತ್ತರ ಬೇಕು, ಕರಿಕಲ್ಲು ಬೇಕು. ಬುಟ್ಟಿಯಲ್ಲಿ ಬಂದ ಬೆತ್ತಲೆ ಮನೆಯಂಗಳಕ್ಕೆ ನಡೆಯುವುದಿಲ್ಲ. ಈ ವಾಕ್ಯ ಅವಳಿಗೆ ಆಗಲೇ ಹೊಳೆದಿತ್ತು. ಚೆನ್ನಾಗಿದೆ ಎಂದೂ ಅನಿಸಿತ್ತು. ಹೇಳಬೇಕಾದಲ್ಲಿ ಹೇಳದೆ, ಕಾರ್ಡಿನಲ್ಲಿ ಬರೆದಳು: 'ಜೋಕುಮಾರ. ಸಮೃದ್ಧಿಯ ಮುಗ್ಧ ದೇವತೆ.' ಮುಗ್ಧ! ಆ ಪದ ಕೊಯ್ದ ಜಾಗದ ಮೇಲೆ ಸರಿಯಾಗಿ ಕೂತಿತ್ತು, ಬ್ಯಾಂಡೇಜಿನ ಹಾಗೆ.

ಮರುದಿನ ಭಾಗವ್ವ ಬಂದು ಬೆಲ್ ಒತ್ತಿದ್ದಳು. ಮೋಹಿನಿ ಫ್ಯಾನ್ ಆರಿಸಿ, ಚಪ್ಪಲಿ ಬಿಟ್ಟು, ಬಾಗಿಲ ಪುಟ್ಟ ಗಾಜಿನ ಕಣ್ಣಿಗೆ ಕಣ್ಣಿಟ್ಟು ನಿಂತಳು. ಹೊರಗಿನವಳು ಗುಂಡಗೆ, ಮೀನಿನ ಹಾಗೆ ಕಾಣುತ್ತಿದ್ದಳು. ಎರಡು ಸಲ ಬೆಲ್ ಒತ್ತಿ, ಆಮೇಲೆ ಆ ಗಾಜಿನ ಕಣ್ಣಿನ ಹತ್ತಿರ ಬಾಯಿ ತಂದು, ಗುಟ್ಟು ಹೇಳುವವಳ ಹಾಗೆ ಹೇಳಿದಳು: 'ಅಕ್ಕಾರ, ಅದಾನೇನ್ರೀ ನಮ್ಮಾಂವ ಒಳಗ? ಇಲ್ಲಾ ನಿಮ್ಮ ಮ್ಯಾಲ ಮನಸಾಗಿ ಬರವಲ್ಲನೋ?' ನಕ್ಕಳು. ಇನ್ನೂ ಸ್ವಲ್ಪ ಹೊತ್ತು ನಿಂತಳು. ನಗು ಮುಖದಿಂದ ನಿಧಾನ ಹೋಯಿತು. ಮೋಹಿನಿಯ ಕಾಲು ಜೋಮು ಹಿಡಿದಿತ್ತು. ಒಬ್ಬ ಕೂಲಿ ಹೆಂಗಸಿಗೆ ಹೆದರಿ ತನ್ನದೇ ಮನೆಯಲ್ಲಿ ಉಸಿರು ಬಿಗಿಹಿಡಿದು ನಿಂತದ್ದು ಅವಳಿಗೆ ಈಗ ವ್ಯಾನಿನಲ್ಲಿ ಮತ್ತೆ ಕಾಲಿನಿಂದಲೇ ನೆನಪಾಯಿತು.

ಆ ತಿಂಗಳ ಭಾನುವಾರ ಅಂಬಲಪಾಡಿಯಲ್ಲಿ ಓದುಬಳಗ ಸೇರಿದಾಗ ಅವಳು ಓದಿದ ಲೇಖನದ ಹೆಸರು 'ನಳಕ್ಕೆ ಬೀಗ'. ಮಳೆಗೆ ಕೊಚ್ಚಿಹೋಗುವ ಊರಿನಲ್ಲಿ ಬಾಯಾರಿದವರು, ಶಿವನಿಗೆ ದೂರು ಒಯ್ಯುವ ಮಣ್ಣಿನ ಕಿವಿ, ಎಲ್ಲವೂ ಇತ್ತು. ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಗೋಳಿಬಜೆಯ ಎಣ್ಣೆಗೈಯನ್ನು ಕಾಗದಕ್ಕೆ ಒರೆಸಿಕೊಂಡು 'ಬಹಳ ಅಥೆಂಟಿಕ್' ಎಂದರು. ಇನ್ನೊಬ್ಬರು ಝೆರಾಕ್ಸ್ ಕೇಳಿದರು. ಕ್ರಾಂತಿ ಕೆಳಗಿನಿಂದ ಬರಬೇಕು ಎಂಬಲ್ಲಿಗೆ ಚರ್ಚೆ ಮುಗಿದು ಕಾಫಿ ಬಂತು. ಆ ಸೂಪರ್‌ವೈಸರ್ ಮೋಹಿನಿಯ ಫ್ಲ್ಯಾಟಿನ ಸರಿ ಕೆಳಗಿನ ಮಹಡಿಯಲ್ಲಿ ಬಾಡಿಗೆಗಿದ್ದ. ದಿನವೂ ಲಿಫ್ಟಿನಲ್ಲಿ ಸಿಗುತ್ತಿದ್ದ, 'ಕಾಲೇಜು ಉಂಟಾ ಮೇಡಮ್ ಇವತ್ತು?' ಎನ್ನುತ್ತಿದ್ದ, ಅವನ ಬೆರಳಲ್ಲಿ ಚಾವಿಗೊಂಚಲು ತಿರುಗುತ್ತಿತ್ತು. ಚಾವಿಗೊಂಚಲನ್ನು ಅವಳು ಗಮನಿಸಿದ್ದಳು. ಲೇಖನದ ಎರಡನೇ ಪ್ಯಾರಾದಲ್ಲಿ ಅದು ಬಂದಿತ್ತು ಕೂಡ. ದೂರು ಕೈಲಾಸದವರೆಗೆ ಹೋಗಬೇಕಾಗಿರಲಿಲ್ಲ. ಒಂದು ಮಹಡಿ ಇಳಿದರೆ ಸಾಕಿತ್ತು.

ಸ್ಟುಡಿಯೋಗೆ ಆಟೋದಲ್ಲಿ ಹೋಗುವಾಗ ಅವಳೂ ಇವನ ಕಿವಿಯಲ್ಲಿ ಒಂದು ಮಾತು ಹೇಳಿದ್ದಳು, ತಮಾಷೆಗೆಂದು ತೊಡಗಿ, ತಮಾಷೆಯಾಗಿ ಮುಗಿಸಲಾರದೆ. 'ನನಗೆ ಯಾವುದೂ ತಾಗುವುದಿಲ್ಲ. ತಾಗುವ ಮೊದಲೇ ವಾಕ್ಯವಾಗಿಬಿಡುತ್ತದೆ. ಹೋಗಿ ಹೇಳು.' ಅದೂ ವಾಕ್ಯವೇ ಆಗಿತ್ತು. ಆ ಮಾತೂ ಈಗ ಇವನೊಳಗೆ, ಹೋಲ್ಡರಿನ ಪಕ್ಕದಲ್ಲಿ, ಸುಟ್ಟು ಗಟ್ಟಿಯಾಗಿ ಕೂತಿರಬೇಕು.

ಕಾಪುವಿನಲ್ಲಿ ಶೀನಣ್ಣನ ಹೊಸಮನೆ ಲೈಟ್‌ಹೌಸಿಗೆ ಕಾಣುವ ಹಾಗೆ ಇತ್ತು, ಅಥವಾ ಅವರ ಮಾತಿನಲ್ಲಿ ಹೇಳುವುದಾದರೆ ಲೈಟ್‌ಹೌಸು ಅವರ ಮನೆಗೆ ಕಾಣುವ ಹಾಗೆ ಇತ್ತು. ದುಬೈಯಲ್ಲಿ ಹೋಟೆಲು ನಡೆಸಿ ಬಂದವರು. ಹಿತ್ತಲಿಗೆ ಗೊಬ್ಬರ ಹಾಕಿದ ಹಾಗೆ ಮನೆಗೆಲ್ಲ ಹಳೆಯ ಸಾಮಾನು ತುಂಬಿಸಿದ್ದರು. ಯಾರದೋ ಮನೆಯ ಕಂಬ, ಯಾರದೋ ತೊಟ್ಟಿಲು, ಗೋಡೆಗೆ ಒರಗಿಸಿದ ಪಾಲಿಶ್ ಹೊಡೆದ ಒನಕೆಗಳು. 'ಬನ್ನಿ ಬನ್ನಿ ಮೇಡಮ್. ಆ ಲೈಟು ಸರಕಾರದ್ದು, ಇವತ್ತಿನಿಂದ ನಮ್ಮದೂ ಉಂಟು' ಎಂದು ಗಹಗಹಿಸಿದರು. ಅಂಗಳದ ತುಂಬ ಹೊಸ ಹುಲ್ಲು. ನೆಲದಿಂದ ಎದ್ದ ಪಿಚಕಾರಿಗಳು ಗರಗರ ತಿರುಗಿ ನೀರು ಚಿಮ್ಮುತ್ತಿದ್ದವು. 'ಎರಡು ದಿನ ಮಳೆ ಬರದಿದ್ರೆ ಕೆಂಪಾಗಿಬಿಡ್ತದೆ ಮೇಡಮ್. ಬಹಳ ನಾಜೂಕು ಹುಲ್ಲು ಇದು. ಮಕ್ಕಳ ಹಾಗೆ ನೋಡ್ಕೊಳ್ಬೇಕು.' ನಾಲ್ಕು ಮೂಲೆಗೆ ಅಚ್ಚಿನಲ್ಲಿ ತೆಗೆದ ನಾಲ್ಕು ಜೋಕುಮಾರರು ಮುಂಚೆಯೇ ಬಂದು ಕಟ್ಟೆಯೇರಿದ್ದರು. ಮಧ್ಯದ ಎತ್ತರದ ಕಟ್ಟೆ ಮೋಹಿನಿಯ ಮಡಿಲಿನವನಿಗೆ. ವಲೇರಿಯನ್ ಅವನನ್ನು ಕೂರಿಸಿದ. ಎಲೆಕ್ಟ್ರಿಷಿಯನ್ ಬಗ್ಗಿ ವೈರ್ ಎಳೆದ. ಕೊಯ್ದ ಜಾಗದಲ್ಲಿ ವಲೇರಿಯನ್ ಒಂದು ತೂತು ಬಿಟ್ಟಿದ್ದ. ವೈರು ಹೊರಬಂದದ್ದು ಅಲ್ಲಿಂದ.

ಕಂಪೌಂಡಿನ ಬದಿಯಲ್ಲಿ ಹುಲ್ಲಿನ ಚಾಪೆಗಳನ್ನು ಬಿಡಿಸಿ ಒತ್ತುತ್ತಿದ್ದ ಹೆಂಗಸರಲ್ಲಿ ಒಬ್ಬಳು ಎದ್ದು ನಿಂತು ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಮೋಹಿನಿ ಏನೂ ಯೋಚಿಸದೆ ವ್ಯಾನಿನ ಹಿಂದೆ ಸರಿದಳು. ಸರಿದ ಮೇಲೆ, ನಲ್ವತ್ತು ದಾಟಿದ ಕನ್ನಡ ಅಧ್ಯಾಪಕಿ ಸ್ಟೆಪ್ನಿ ಚಕ್ರದ ಮರೆಯಲ್ಲಿ ನಿಂತಿದ್ದಾಳೆ ಎಂಬುದು ಅವಳಿಗೇ ಚಿತ್ರದ ಹಾಗೆ ಕಾಣಿಸಿತು. ಮಣಿಪಾಲದ ಕಟ್ಟಡ ಮುಗಿದ ಮೇಲೆ ಆ ಶೆಡ್ಡಿನವರು ಎಲ್ಲಿ ಹೋದರೆಂದು ಅವಳು ವಿಚಾರಿಸಿರಲಿಲ್ಲ. ಹೋದದ್ದು ಗೊತ್ತಾದ ದಿನ ಬಾಲ್ಕನಿಯಲ್ಲಿ ಹಾಯಾಗಿ ಚಹಾ ಕುಡಿದಿದ್ದಳು.

ಭಾಗವ್ವ ಕೆಸರುಗೈಯನ್ನು ಸೆರಗಿಗೆ ಒರೆಸುತ್ತ ಬಂದು ಕಟ್ಟೆಯ ಎದುರು ನಿಂತಳು. ಒಂದು ಸುತ್ತು ಸುತ್ತಿದಳು. ಮುಂದೆ ಬಗ್ಗಿ ವೈರು ನೋಡಿದಳು.

'ಅಯ್ಯ ಭಾಡ್ಯಾ! ಇಲ್ಲಿ ಬಂದು ನಿಂತೀಯೇನೋ? ನಿನ್ನ ಗಂಡಸ್ತಾನ ಎಲ್ಲಿ ಒತ್ತಿಟ್ಟು ಬಂದೀ?'

ಹುಲ್ಲು ಒತ್ತುತ್ತಿದ್ದ ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಒಬ್ಬಳು ಕೂತಲ್ಲಿಂದಲೇ, 'ಕರೆಂಟ್ ಹೊಡದು ಉದುರಿರಬೇಕ್ ಬಿಡಬೇ!' ಎಂದಳು. ಶೀನಣ್ಣನಿಗೆ ಪೂರ್ತಿ ಅರ್ಥವಾಗದಿದ್ದರೂ ನಕ್ಕು, 'ಎಂತ, ಪರಿಚಯ ಉಂಟಾ ನಿಂಗೆ ಇವನದ್ದು?' ಎಂದರು.

'ನಾನ ಹಡದೀನ್ರೀ ಸಾವಕಾರ್ರ' ಎಂದಳು ಭಾಗವ್ವ. ಅವಳ ಕಣ್ಣು ಆಗಲೇ ವ್ಯಾನಿನ ಕೆಳಗಿಂದ ಕಾಣುತ್ತಿದ್ದ ಚಪ್ಪಲಿಯ ಮೇಲೆ ನಿಂತಿತ್ತು. 'ಬರ್ರೀ ಅಕ್ಕಾರ ಹೊರಗ. ಇವತ್ತರ ಬಾಗಲಾ ತಗೀರಿ.'

ಮೋಹಿನಿ ಬಂದಳು. ಏನು ಹೇಳಬೇಕೆಂದು ಒಂದು ವರ್ಷದಿಂದ ಸಿದ್ಧ ಮಾಡಿಟ್ಟುಕೊಂಡಿದ್ದ ವಾಕ್ಯಗಳೆಲ್ಲ ಒಟ್ಟಿಗೆ ಬಾಗಿಲಿಗೆ ಬಂದು ಸಿಕ್ಕಿಕೊಂಡವು. 'ಹೇಗಿದ್ದೀರಿ ಭಾಗವ್ವ? ಮಕ್ಕಳೆಲ್ಲ ಚೆನ್ನಾಗಿದ್ದಾರಾ?' ಎಂದು ಕೇಳಿದಳು, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದವರ ಹಾಗೆ.

'ಅದಾರ್ರೀ. ಶರಣಮ್ಮನ ಕೂಸು ಹೋತು. ದೀಪಾವಳಿ ಹಿಂದ. ಕಾರಿಕೊಂಡು ಕಾರಿಕೊಂಡು.' ಇದನ್ನು ಅವಳು ಯಾವ ಒತ್ತೂ ಇಲ್ಲದೆ ಹೇಳಿ, ಮತ್ತೆ ಜೋಕುಮಾರನ ಕಡೆ ತಿರುಗಿ ಅವನ ಕಿವಿಯನ್ನು ಬೆರಳಿನಿಂದ ಟಕಟಕ ತಟ್ಟಿ ನೋಡಿದಳು. ಕಿವಿ ಗಾಜಿನ ಲೋಟದ ಹಾಗೆ ಸದ್ದು ಮಾಡಿತು. 'ಏನ ಗಟ್ಟಿ ಮಾಡ್ಯಾರವ್ವಾ. ಕಿವಿ ಆರಪಾರ ತೂತು ಕೊರದಾರ. ಇತ್ಲಾಗ ಹೇಳಿದ್ದು ಅತ್ಲಾಗ ಹೋಗಬೇಕ ಹಂಗ.'

ಬೆಳಕು ಬರಲೆಂದು ಕೊರೆದ ತೂತು ಅದು. ಕಾರ್ಡಿನಲ್ಲಿ ಮೋಹಿನಿಯೇ ಬರೆದಿದ್ದಳು, 'ಕಿವಿಗಳಿಂದ ಹೊಮ್ಮುವ ಬೆಳಕು' ಎಂದು. ಶರಣಮ್ಮ ಯಾರೆಂದು ನೆನಪಿಸಿಕೊಳ್ಳಲು ಅವಳು ಹೆಣಗಿದಳು. ಆ ದಿನ ಬುಟ್ಟಿಯ ಜೊತೆ ಬಂದವರಲ್ಲಿ ಒಬ್ಬಳು ಸೊಂಟದಲ್ಲಿ ಕೂಸಿಟ್ಟುಕೊಂಡು ಲಿಫ್ಟಿನ ಗುಂಡಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳಲ್ಲ, ಅವಳೇ? ಕೂಸಿನ ಮುಖ ನೆನಪಾಗಲಿಲ್ಲ. ಅದರ ಮೂಗಿನಿಂದ ಸಿಂಬಳ ಸೋಫಾಕ್ಕೆ ತಾಗೀತೆಂದು ತಾನು ಟವೆಲ್ಲು ಹಾಸಿದ್ದು ನೆನಪಾಯಿತು. ಜೋಕುಮಾರ ಸತ್ತು ಮೇಲೆ ಹೋಗದಿದ್ದುದಕ್ಕೆ ಕೂಸು ಹೋಯಿತೆಂದು ಅವಳು ನಂಬುವವಳಲ್ಲ. ವಿಚಾರವಾದಿ. ನಂಬಿದ್ದರೆ ಎಷ್ಟು ಹಗುರವಾಗಿರುತ್ತಿತ್ತು! ದೇವರನ್ನು ಕದ್ದ ಪಾಪಕ್ಕೆ ಹರಕೆ ಉಂಟು, ಪ್ರಾಯಶ್ಚಿತ್ತ ಉಂಟು. ಒಂದು ಮಹಡಿ ಇಳಿಯದಿದ್ದುದಕ್ಕೆ ಯಾವ ದೇವಸ್ಥಾನದಲ್ಲಿ ರಶೀದಿ ಹರಿಯುತ್ತಾರೆ?

ಆಗ ಅವಳಿಗೆ ಒಂದು ಉಪಾಯ ಹೊಳೆಯಿತು. ಉಪಾಯ ಹೊಳೆದದ್ದೇ ಎದೆ ಸಡಿಲಾಯಿತು. ವಲೇರಿಯನ್ನನ್ನು ಬದಿಗೆ ಕರೆದು ಹೇಳಿದಳು: ಇದನ್ನು ಭಾಗವ್ವನಿಗೆ ವಾಪಸು ಕೊಡೋಣ. ಇವತ್ತೇ ಒಡೆಯುವ ದಿನ. ಅವರು ಒಡೆಯಲಿ.

'ತಲೆ ಸರಿ ಉಂಟಾ ನಿಂಗೆ? ಇದು ಶೀನಣ್ಣನಿಗೆ ಹೋಗಿಯಾಯ್ತು. ಒರಿಜಿನಲ್ ಇದೊಂದೇ.' ಆಮೇಲೆ ಅವಳ ಮುಖ ನೋಡಿ ಕರಗಿದ. ಕೆಟ್ಟವನಲ್ಲವಲ್ಲ. 'ವ್ಯಾನಿನಲ್ಲಿ ಬಿರುಕು ಬಿಟ್ಟದ್ದೊಂದು ಉಂಟು, ಸೆಕೆಂಡ್ಸ್. ಬೇಕಾದ್ರೆ ಅದನ್ನು ಒಡೆಯಲಿ ಪಾಪ. ಅವರ ಸೆಂಟಿಮೆಂಟಿಗೆ ನಾವು ಬೆಲೆ ಕೊಡ್ಬೇಕಲ್ಲ.'

ಶೀನಣ್ಣ ಇದನ್ನು ಕೇಳಿಸಿಕೊಂಡದ್ದೇ ಕುಣಿದುಬಿಟ್ಟರು. 'ಹಾಗೆ ಹೇಳಿ ಮತ್ತೆ! ಒಡೆಯುವ ಪ್ರೋಗ್ರಾಮ್ ಉಂಟಂತ ಮೊದಲೇ ಹೇಳುವುದಲ್ವಾ? ವಿಡಿಯೋದವ ಹೇಗೂ ಬರ್ತಾನೆ. ಪೇಪರಿನವರೂ ಉಂಟು. ಮೊದಲು ಅವಳು ಹಾಡಿ ಒಡೆಯುವುದು, ಅದೇ ಹೊತ್ತಿಗೆ ನಾನು ಸ್ವಿಚ್ ಒತ್ತುವುದು. ಫಸ್ಟ್ ಕ್ಲಾಸ್!' ಒಳಗಿನಿಂದ ಪಾಲಿಶ್ ಹೊಡೆದ ಒನಕೆಯೊಂದನ್ನು ತಾವೇ ಎತ್ತಿಕೊಂಡು ಬಂದರು. ಮೋಹಿನಿ ಬೇಡ ಎನ್ನಲಿಲ್ಲ. ವಿಡಿಯೋ ಇದ್ದರೇನಾಯಿತು, ಒಡೆಯುವುದು ನಿಜವಲ್ಲವೇ, ಎಂದುಕೊಂಡಳು. ತನ್ನ ಮನಸ್ಸು ಎಷ್ಟು ಬೇಗ ಕಾರ್ಡು ಬರೆದುಬಿಡುತ್ತದೆ ಎಂದು ಅವಳಿಗೇ ಹೇಸಿಗೆಯಾಯಿತು. ಆ ಹೇಸಿಗೆಯಲ್ಲೂ ಒಂದು ಲಯವಿತ್ತು.

ಹೊತ್ತು ಇಳಿಯಿತು. ಸಮುದ್ರದ ಕಡೆಯಿಂದ ಉಪ್ಪುಗಾಳಿ ಬಂತು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಉಡುಪಿಯಿಂದ, ಮಣಿಪಾಲದಿಂದ ಬಂದವರು ಕೂತು ಬಾದಾಮಿ ಹಾಲು ಕುಡಿಯುತ್ತಿದ್ದರು. ಓದುಬಳಗದ ಬ್ಯಾಂಕ್ ಮ್ಯಾನೇಜರೂ ಬಂದಿದ್ದರು, ಶೀನಣ್ಣನಿಗೆ ದೂರದ ನೆಂಟರಂತೆ. ದೂರದಿಂದಲೇ ಮೋಹಿನಿಗೆ ಹೆಬ್ಬೆರಳು ಎತ್ತಿ ತೋರಿಸಿದರು. ಹುಲ್ಲಿನ ಮೇಲೆ ಕೆಂಪು ಬಟ್ಟೆ ಹಾಸಿ ಬಿರುಕಿನ ಜೋಕುಮಾರನನ್ನು ಇಟ್ಟಿದ್ದರು. ಕೆಲಸ ಮುಗಿಸಿ ಕೈಕಾಲು ತೊಳೆದು ಗೇಟಿನತ್ತ ಹೊರಟಿದ್ದ ಭಾಗವ್ವನನ್ನು ಶೀನಣ್ಣ ಕೂಗಿ ಕರೆದರು. ಅವಳ ಹಿಂದೆ ಹೆಂಗಸರೂ ಬಂದು ಕಂಪೌಂಡಿನ ಗೋಡೆಗೆ ಒರಗಿದರು. ವಿಡಿಯೋದವನ ದೀಪ ಫಕ್ಕನೆ ಹೊತ್ತಿ ಅವಳ ಮುಖದ ಮೇಲೆ ಬಿತ್ತು. ಅವಳು ಕಣ್ಣು ಕಿರಿದು ಮಾಡಿ ಕೆಂಪು ಬಟ್ಟೆಯನ್ನೂ ಕುರ್ಚಿಗಳನ್ನೂ ನೋಡಿದಳು.

'ಏನ್ರೀ ಇದು?'

ಮೋಹಿನಿ ಒನಕೆ ಹಿಡಿದು ಮುಂದೆ ಬಂದಳು. ಅದು ನೆನೆಸಿದ್ದಕ್ಕಿಂತ ಭಾರವಾಗಿತ್ತು. 'ಭಾಗವ್ವ, ಇವತ್ತು ಹುಣ್ಣಿಮೆಯಲ್ಲವಾ. ಆವತ್ತು ನನ್ನಿಂದ ತಪ್ಪಿಹೋಯಿತು. ಇದು ಅವನದೇ ಅಚ್ಚು. ಒಡೆಯಿರಿ. ಎಲ್ಲ ಮುಗಿದುಹೋಗ್ತದೆ.'

'ಯಾರ್ದ ಮುಗೀತೈತ್ರೀ?'

ಶೀನಣ್ಣ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ಕೂಗಿದರು: 'ಹೊಡಿ ಮಾರಾಯ್ತಿ, ಜನ ಕಾಯ್ತಾ ಇದ್ದಾರೆ. ಒಂದು ಹಾಡು ಹಾಡು, ಒಂದು ಪೆಟ್ಟು ಹೊಡಿ, ಅಷ್ಟೇ. ಒಳ್ಳೆ ಸೀರೆ ತೆಗೆದಿಟ್ಟಿದ್ದೇನೆ ನಿಂಗೆ.'

'ಇಂವ ಸತ್ತು ಮ್ಯಾಲ ಹೋಗಿ ಏನ ಹೇಳ್ತಾನ್ರೀ ಸಾವಕಾರ್ರ?' ಭಾಗವ್ವ ಬಿರುಕಿನವನನ್ನು ಕಾಲ್ಬೆರಳಿನಿಂದ ಮೆಲ್ಲನೆ ಸರಿಸಿದಳು. 'ಹುಟ್ಟಿದಾಗಿಂದ ವ್ಯಾನಿನ್ಯಾಗ ಮಕ್ಕೊಂಡಾಂವ. ಯಾರ ಮನಿ ನೋಡ್ಯಾನ? ಕರೆಂಟ್ ಬಿಲ್ ಎಷ್ಟ ಬಂತು ಅಂತ ಹೇಳ್ತಾನೇನ?'

ಗೋಡೆಯ ಬಳಿಯ ಹೆಂಗಸರು ನಕ್ಕರು. ಕುರ್ಚಿಯವರಲ್ಲೂ ಕೆಲವರು, ಇದೂ ಪ್ರೋಗ್ರಾಮಿನದೇ ಭಾಗವೆಂದು ಚಪ್ಪಾಳೆ ತಟ್ಟಿದರು. ಬ್ಯಾಂಕ್ ಮ್ಯಾನೇಜರರ ಬಾಯಿ 'ಅಥೆಂ' ಎಂಬಷ್ಟು ತೆರೆಯಿತು.

'ನಮ್ಮಾಂವ ಗೇಟಿನ ಹೊರಗ ಬುಟ್ಟ್ಯಾಗ ಕುಂತಾನ್ರೀ. ಎಲ್ಲಾರ್ದೂ ಕೇಳ್ಕೊಂಡು ಕುಂತಾನ. ಅಂವನ್ನ ನೀರಿಗೆ ಒಯ್ದು ನಾವು ನಾವ ಬಡೀತೀವಿ. ಈ ಲೈಟಿನ ಮುಂದ ಅಲ್ಲ.'

ಶೀನಣ್ಣನ ಮುಖದ ನಗು ಇನ್ನೂ ಇತ್ತು, ಆದರೆ ಅದರ ಹಿಂದಿನ ಬಲ್ಬು ಆರಿತ್ತು. 'ನೋಡು, ಹೊಡೆದ್ರೆ ಸೀರೆ. ಹೊಡೆಯದಿದ್ರೆ ನಾಳೆಯಿಂದ ಕೆಲಸಕ್ಕೆ ಬರ್ಲಿಕ್ಕಿಲ್ಲ. ನೀನು ಮಾತ್ರ ಅಲ್ಲ, ನಿಮ್ಮ ಇಡೀ ಸೆಟ್ಟೇ.'

ಗೋಡೆಯ ಬಳಿ ನಗು ನಿಂತಿತು. ಭಾಗವ್ವ ಅತ್ತ ತಿರುಗಿ ನೋಡಿದಳು. ಯಾರೋ ಒಬ್ಬಳು, ಅವಳೇ ಶರಣಮ್ಮನಿರಬಹುದು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಗೇಟಿನ ಕಡೆ ನಡೆಯತೊಡಗಿದಳು, ಬುಟ್ಟಿಯಿದ್ದ ಕಡೆಗೆ. ಅವಳ ಹಿಂದೆ ಇನ್ನೊಬ್ಬಳು.

ಮೋಹಿನಿ ಒನಕೆಯನ್ನು ಭಾಗವ್ವನ ಕೈಗೆ ತುರುಕಲು ಹೋದಳು. 'ಒಡಿ ಭಾಗವ್ವ. ಕೆಲಸ ಯಾಕೆ ಕಳ್ಕೊಳ್ತಿ? ಒಂದೇ ಪೆಟ್ಟು. ನನಗೋಸ್ಕರ ಒಡಿ.' ಅವಳು ಜೋಪಾನ ಮಾಡಿಕೊಂಡು ಬಂದಿದ್ದ 'ನೀವು' ಎಲ್ಲೋ ಬಿದ್ದುಹೋಗಿತ್ತು.

ಭಾಗವ್ವ ಒನಕೆ ಮುಟ್ಟಲಿಲ್ಲ. ಹತ್ತಿರ ಬಂದಳು. ಕೆಸರು, ಬೆವರು, ಎಲೆಯಡಿಕೆ, ಬುಟ್ಟಿಯವನ ತುಟಿಗೆ ಸವರಿದ ಬೆಣ್ಣೆ, ಎಲ್ಲದರ ವಾಸನೆ ಒಟ್ಟಿಗೆ ಬಂತು. ಮೋಹಿನಿಯ ಮುಖವನ್ನು ಒಂದು ಕ್ಷಣ ನೋಡಿ, ಅವಳ ಕಿವಿಯ ಮೇಲೆ ಬಿದ್ದಿದ್ದ ಕೂದಲನ್ನು ಒರಟು ಬೆರಳಿನಿಂದ ಹಿಂದೆ ಸರಿಸಿ, ಆ ಕಿವಿಗೆ ಬಾಯಿ ತಂದಳು. ಮೋಹಿನಿ ಕಣ್ಣು ಮುಚ್ಚಿ ನಿಂತಳು. ಅವಳು ಏನು ಹೇಳಿದರೂ ಒಯ್ಯಲು ತಾನು ಸಿದ್ಧ, ಎಲ್ಲಿಗೆ ಬೇಕಾದರೂ, ಎಷ್ಟು ಮಹಡಿ ಬೇಕಾದರೂ.

'ಒಲ್ಲೆ' ಎಂದಳು ಭಾಗವ್ವ.